ಅದಿರು ಟಿಪ್ಪರ್‌ಗೆ ಹೊಸ ಏರ್ ಕ್ಲೀನರ್ ಹಾಕಿಸಬೇಕು, ಯಾವುದು ತಗೊಳ್ಳಲಿ?

ಸಂಡೂರು_ಟಿಪ್ಪರ್:

ಎಲ್ಲರಿಗೂ ನಮಸ್ಕಾರ. ನನ್ನದು ಟಾಟಾ 2518 ಟಿಪ್ಪರ್, 5.9 ಲೀಟರ್ ಟರ್ಬೊ ಎಂಜಿನ್. ಸಂಡೂರು ಕಡೆಯಿಂದ ತೋರಣಗಲ್ಲಿಗೆ ಅದಿರು ಹೊಡೆಯುತ್ತೇನೆ. ಹೋದ ತಿಂಗಳು ರಿವರ್ಸ್ ತೆಗೆಯುವಾಗ ಮರದ ಕೊಂಬೆ ಬಡಿದು ಕ್ಯಾಬಿನ್ ಹಿಂದಿನ ಗಾಳಿ ಪೈಪ್ ಮುರಿಯಿತು, ಏರ್ ಕ್ಲೀನರ್ ಡಬ್ಬಿಯ ಮುಚ್ಚಳವೂ ಸೀಳಿತು. ಸದ್ಯಕ್ಕೆ ಎಂ-ಸೀಲ್ ಮೆತ್ತಿ, ಮೇಲೆ ಹಳೇ ಟ್ಯೂಬ್ ಸುತ್ತಿ ಓಡಿಸುತ್ತಿದ್ದೇನೆ.

ಒಬ್ಬರು ಕಂಪನಿ ಸೆಟ್ಟೇ ಹಾಕಿಸು ಅಂತಾರೆ. ಬಿಡಿಭಾಗದ ಅಂಗಡಿಯವರು ತೊಳೆದು ಮತ್ತೆ ಹಾಕುವ ಕೋನ್ ಫಿಲ್ಟರ್ ತೋರಿಸಿದರು, ಡಬ್ಬಿಯೇ ಬೇಡ, ಪಿಕಪ್ ಜಾಸ್ತಿ ಬರುತ್ತದೆ ಅಂದರು. ನಮ್ಮ ಮಾವ ಹಳೇ ಕಾಲದ ಆಯಿಲ್ ಬಾತ್ ಡಬ್ಬಿ (ತಳದ ಎಣ್ಣೆಯಲ್ಲಿ ಧೂಳು ಹಿಡಿಯುವಂಥದ್ದು) ಗುಜರಿಯಲ್ಲಿ ಸಿಗುತ್ತದೆ, ಫಿಲ್ಟರ್ ಖರ್ಚೇ ಇಲ್ಲ ಅಂತ ಹೇಳುತ್ತಿದ್ದಾರೆ. ಎರಡು ವರ್ಷದ ಹಿಂದೆ ಒಮ್ಮೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ) ಹೋಗಿ ಕೈ ಸುಟ್ಟುಕೊಂಡಿದ್ದೇನೆ. ಈಗ ಲೋಡ್ ಮೇಲೆ ಏರು ಹತ್ತುವಾಗ ಕಪ್ಪು ಹೊಗೆ ಬರುತ್ತಿದೆ, ಎಳೆತ ಕಡಿಮೆಯಾಗಿದೆ. ದಿನಾ ರಾತ್ರಿ ಫಿಲ್ಟರ್ ಬಿಚ್ಚಿ ಕಂಪ್ರೆಸರ್‌ನಲ್ಲಿ ಗಾಳಿ ಹೊಡೆಸುತ್ತೇನೆ, ಆದರೂ ಹೀಗೆ. ಗೊತ್ತಿರುವವರು ದಾರಿ ತೋರಿಸಿ.

ಹೊಸಪೇಟೆ_ಗ್ಯಾರೇಜ್:

ತಮ್ಮಾ, ಮೊದಲು ಆ ದಿನಾ ಗಾಳಿ ಹೊಡೆಸೋದು ನಿಲ್ಲಿಸು. ಪೇಪರ್ ಫಿಲ್ಟರ್ ಮೇಲೆ ಸ್ವಲ್ಪ ಧೂಳು ಕೂತಾಗಲೇ ಅದು ಸಣ್ಣ ಧೂಳನ್ನು ಚೆನ್ನಾಗಿ ಹಿಡಿಯೋದು, ಆ ಪದರವೇ ಒಂದು ಜರಡಿ ಆಗುತ್ತದೆ. ದಿನಾ ಬಿಚ್ಚಿದರೆ ಆ ಪದರ ಹೋಗುತ್ತದೆ, ಡಬ್ಬಿ ಬಾಯಲ್ಲಿ ಕೂತ ಧೂಳು ಒಳಗೆ ಉದುರುತ್ತದೆ, ಜಾಸ್ತಿ ಪ್ರೆಷರ್‌ನಲ್ಲಿ ಹೊಡೆದರೆ ಪೇಪರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಟೈರಿಗೆ ಬಡಿದು ಕೊಡವೋದಂತೂ ಬೇಡವೇ ಬೇಡ, ಅಂಚಿನ ತಗಡು ಸೊಟ್ಟಗಾದರೆ ಸೀಲ್ ಕೂರೋದಿಲ್ಲ.

ಯಾವಾಗ ಬದಲಿಸಬೇಕು ಅನ್ನೋದನ್ನು ಗಾಡಿಯೇ ಹೇಳುತ್ತದೆ. ಡಬ್ಬಿ ಮೇಲೆ ಅಥವಾ ಪೈಪ್ ಮೇಲೆ ಬೆರಳುದ್ದದ ಪಾರದರ್ಶಕ ಇಂಡಿಕೇಟರ್ ಇರುತ್ತದೆ, ಫಿಲ್ಟರ್ ಕಟ್ಟಿಕೊಂಡರೆ ಅದರಲ್ಲಿ ಕೆಂಪು ಬರುತ್ತದೆ. ದೊಡ್ಡ ಟರ್ಬೊ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಫಿಲ್ಟರ್ ದಾಟಿ ಗಾಳಿ ಎಳೆಯುವ ಸೆಳೆತ 25 ಇಂಚು ನೀರಿನ ಕಂಬದಷ್ಟು, ಅಂದರೆ 635 ಮಿಲಿಮೀಟರ್ ಆದಾಗ ಕೆಂಪು ಬರುತ್ತದೆ. ನಿನ್ನದು ಮುರಿದಿದ್ದರೆ ಹೊಸದು ಹಾಕು.

ಈಗ ನಿನ್ನ ಪ್ರಶ್ನೆ. ಕೋನ್ ಫಿಲ್ಟರ್ ಬೇಡ. ಅದು ಹತ್ತಿ ಬಟ್ಟೆಗೆ ಎಣ್ಣೆ ಹಚ್ಚಿದ ಫಿಲ್ಟರ್, ಗಾಳಿ ಸಲೀಸಾಗಿ ಬಿಡುತ್ತದೆ ಅನ್ನೋದು ನಿಜ, ಆದರೆ ಧೂಳನ್ನೂ ಜಾಸ್ತಿ ಬಿಡುತ್ತದೆ. ಲೆಕ್ಕ ಹಾಕಿ ನೋಡು. 99.9 ಶೇಕಡ ತಡೆಯುವ ಫಿಲ್ಟರ್‌ಗಿಂತ 99 ಶೇಕಡ ತಡೆಯುವುದು ಹತ್ತು ಪಟ್ಟು ಧೂಳು ಒಳಗೆ ಬಿಡುತ್ತದೆ. ನಿನ್ನ ಎಂಜಿನ್ 2000 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೆಯೇ ನಿಮಿಷಕ್ಕೆ 6,000 ಲೀಟರ್ ಹತ್ತಿರ ಗಾಳಿ ಕುಡಿಯುತ್ತದೆ, ಟರ್ಬೊ ತುಂಬಿದಾಗ ಇನ್ನೂ ಜಾಸ್ತಿ. ಅದೂ ಅದಿರು ಧೂಳಿನಲ್ಲಿ! ಜತೆಗೆ ಡಬ್ಬಿಯಿಲ್ಲದ ಕೋನ್ ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 3 ಶೇಕಡ ತೆಳುವಾಗುತ್ತದೆ. ಪಿಕಪ್ ಜಾಸ್ತಿ ಆಗೋದು ಎಲ್ಲಿಂದ?

ಒಂದು ಕೆಲಸ ಮಾಡು. ಟರ್ಬೊ ಬಾಯಿಗೆ ಸೇರುವ ಹೋಸ್ ಬಿಚ್ಚಿ, ಒಳಗೆ ಬಿಳಿ ಬಟ್ಟೆ ಹಾಕಿ ಒರೆಸು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು, ಬಟ್ಟೆಗೆ ಧೂಳು ಹತ್ತಲೇಬಾರದು. ಏನು ಬಂತು ಅಂತ ಇಲ್ಲಿ ಬರಿ.

ಹಳೇ_ಲಾರಿ:

ಗ್ಯಾರೇಜ್ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸುವವರೆಗೂ ಇದೇ ರೋಡಿನಲ್ಲಿ ಎರಡು ಗಾಡಿ ಓಡಿಸಿದವನು ನಾನು. ಆಯಿಲ್ ಬಾತ್ ಅಂದರೆ ನನಗೆ ಪ್ರೀತಿಯೇ. ಹಳೇ ಲಾರಿಯಲ್ಲಿ ತಳದ ಬಟ್ಟಲು ಬಿಚ್ಚಿದರೆ ಕೆಸರಿನ ಹಾಗೆ ಕೆಂಪು ಧೂಳು ಕೂತಿರುತ್ತಿತ್ತು, ತೊಳೆದು ಹೊಸ ಎಣ್ಣೆ ಹುಯ್ದರೆ ಮುಗಿಯಿತು. ಆದರೂ ನಿಮ್ಮ ಗಾಡಿಗೆ ಅದು ಬೇಡ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ), ನಿಧಾನ ಓಟದಲ್ಲಿ ಅದು ಧೂಳನ್ನು ಸರಿಯಾಗಿ ಹಿಡಿಯೋದಿಲ್ಲ, ಮತ್ತೆ ಲೋಡಿಂಗ್ ಸಾಲಿನಲ್ಲಿ ನಿಮ್ಮ ಗಾಡಿ ಇರೋದೇ ಐಡಲ್‌ನಲ್ಲಿ. ಎಣ್ಣೆ ಗೆರೆ ಮೀರಿ ಹುಯ್ದರೆ ಅದನ್ನೇ ಎಂಜಿನ್ ಎಳೆದುಕೊಂಡು ಉರಿಸುತ್ತದೆ, ಕೀ ಆಫ್ ಮಾಡಿದರೂ ರೇಸ್ ನಿಲ್ಲೋದಿಲ್ಲ. ಒಮ್ಮೆ ನನ್ನ ಕಣ್ಣೆದುರೇ ಒಂದು ಗಾಡಿಗೆ ಹೀಗಾಯಿತು, ಡ್ರೈವರ್ ಹುಡುಗ ಹೆದರಿ ಕೆಳಗೆ ಹಾರಿದ. ಮಾವನವರಿಗೆ ಬೇಜಾರಾಗದ ಹಾಗೆ ಹೇಳಿ.

ಸಂಡೂರು_ಟಿಪ್ಪರ್:

ಗ್ಯಾರೇಜ್ ಅಣ್ಣಾ, ಇವತ್ತು ಬೆಳಿಗ್ಗೆ ಬಿಚ್ಚಿ ಒರೆಸಿದೆ. ಬಟ್ಟೆ ಕೆಂಪಗಾಯಿತು. ಬೆರಳಲ್ಲಿ ಉಜ್ಜಿದರೆ ಕುಂಕುಮದ ಹಾಗೆ ನುಣ್ಣಗಿದೆ. ಟರ್ಬೊ ಚಕ್ರದ ಎಲೆಗಳ ತುದಿಯೂ ಸ್ವಲ್ಪ ಸವೆದ ಹಾಗೆ ಕಾಣುತ್ತಿದೆ. ಎದೆ ಧಸಕ್ ಅಂತು. ಈಗ ಏನು ಮಾಡಲಿ? ಗಾಡಿ ನಿಲ್ಲಿಸಿದ್ದೇನೆ.

ಹೊಸಪೇಟೆ_ಗ್ಯಾರೇಜ್:

ನಿಲ್ಲಿಸಿದ್ದು ಒಳ್ಳೇದಾಯಿತು. ಧೂಳು ಫಿಲ್ಟರ್ ಪೇಪರ್ ದಾಟಿಯೇ ಬಂದಿರಬೇಕು ಅಂತಿಲ್ಲ, ಪಕ್ಕದಿಂದಲೂ ನುಗ್ಗುತ್ತದೆ. ನಾನು ನೋಡುವ ಜಾಗಗಳು ಇವು. ಫಿಲ್ಟರ್‌ನಿಂದ ಟರ್ಬೊವರೆಗಿನ ರಬ್ಬರ್ ಹೋಸ್, ಅದರ ಮಡಿಕೆ ಒಳಗೆ ಬಿರುಕು ಇರುತ್ತದೆ, ಕೈಯಲ್ಲಿ ಅಗಲಿಸಿದರೆ ಮಾತ್ರ ಕಾಣುತ್ತದೆ. ಹೋಸಿನ ಕ್ಲಿಪ್‌ಗಳು. ಮಧ್ಯದಲ್ಲಿ ರೆಕ್ಕೆ ನಟ್ ಇರುವ ಫಿಲ್ಟರ್ ಆದರೆ ನಟ್ ಕೆಳಗಿನ ವಾಷರ್, ಅದನ್ನು ಕಳೆದುಕೊಂಡವರೇ ಜಾಸ್ತಿ, ಅಲ್ಲಿಂದ ಧೂಳು ಸೀದಾ ಟರ್ಬೊಗೆ ಹೋಗುತ್ತದೆ. ಬ್ರೇಕಿನ ಕಂಪ್ರೆಸರ್‌ಗೆ ಇದೇ ಪೈಪಿನಿಂದ ಗಾಳಿ ಹೋಗುತ್ತಿದ್ದರೆ ಆ ಸಣ್ಣ ಜೋಡಣೆಯನ್ನೂ ನೋಡು.

ಸೆಟ್ ತಗೊಳ್ಳುವಾಗ ಡಬ್ಬಿ, ಮುಚ್ಚಳ, ಎರಡು ಫಿಲ್ಟರ್, ಎಲ್ಲ ಒಂದೇ ಸೆಟ್ಟಿನವೇ ಇರಲಿ. ಎರಡು ಅಂದೆ ಯಾಕೆಂದರೆ ದೊಡ್ಡ ಫಿಲ್ಟರ್ ಒಳಗೆ ಸಣ್ಣ ಸೇಫ್ಟಿ ಫಿಲ್ಟರ್ ಕೂರಬೇಕು. ಹೊರಗಿನದು ಹರಿದರೂ ಎಂಜಿನ್ ಉಳಿಸೋದು ಅದು. ಸೇಫ್ಟಿಗೆ ಗಾಳಿ ಹೊಡೆಯಬೇಡ, ತೊಳೆಯಬೇಡ, ಹೊರಗಿನದನ್ನು ಮೂರು ಸಲ ಬದಲಿಸಿದಾಗ ಅದನ್ನೂ ಹೊಸದು ಹಾಕು. ಡಬ್ಬಿ ತಳದಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ, ಅದು ಕೆಳಮುಖವಾಗಿಯೇ ಇರಬೇಕು, ಇಲ್ಲದಿದ್ದರೆ ಒಳಗಿನ ಧೂಳು ಹೊರಗೆ ಬೀಳೋದಿಲ್ಲ. ದಿನಾ ಫಿಲ್ಟರ್ ಬಿಚ್ಚುವ ಬದಲು ಆ ವಾಲ್ವನ್ನು ಒಮ್ಮೆ ಬೆರಳಲ್ಲಿ ಹಿಸುಕು, ಧೂಳು ಉದುರಿ ಹೋಗುತ್ತದೆ.

ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡು, ಎಲೆ ಗೋಡೆಗೆ ತಾಗಿದರೆ ಈಗಲೇ ಟರ್ಬೊ ಅಂಗಡಿಗೆ ಒಯ್ಯಿ. ಆಯಿಲ್ ತುಂಬುವ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಗಾಳಿ ಬುಸುಬುಸು ಅಂತ ಜೋರಾಗಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅನುಮಾನ ಪಡಬೇಕು.

ಕೋಲಾರ_ಕ್ರಷರ್:

ನಮ್ಮದು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಗಾಡಿಗಳು. ಕಲ್ಲಿನ ಧೂಳು ಇನ್ನೂ ಗಟ್ಟಿ, ಆದ್ದರಿಂದ ಈ ಪಾಠ ಮೊದಲೇ ಕಲಿತೆವು. ಕೊಳ್ಳುವಾಗ ನಕಲಿ ಬಗ್ಗೆ ಎಚ್ಚರ. ಅರ್ಧ ರೇಟಿಗೆ ಸಿಕ್ಕ ಒಂದು ಫಿಲ್ಟರ್ ತಂದು ಅಸಲಿ ಪಕ್ಕದಲ್ಲಿ ಇಟ್ಟು ನೋಡಿದೆ. ಪೇಪರ್ ಮಡಿಕೆ ಕಡಿಮೆ, ಒಂದು ಕಡೆ ಅಂಟಿಕೊಂಡು ಒಂದು ಕಡೆ ಬಾಯಿ ಬಿಟ್ಟಿದೆ, ಸೀಲಿನ ರಬ್ಬರ್ ಉಗುರು ಒತ್ತಿದರೂ ತಗ್ಗೋದಿಲ್ಲ. ಒಳಗೆ ಬಲ್ಬ್ ಇಟ್ಟು ಕತ್ತಲಲ್ಲಿ ತಿರುಗಿಸಿದರೆ ಅಂಟು ಹಾಕಿದ ಜಾಗದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಹೊಸ ಫಿಲ್ಟರ್‌ಗೆ ಈ ಬಲ್ಬ್ ಪರೀಕ್ಷೆ ಮಾಡಿಯೇ ಹಾಕಿ. ಫ್ಲೀಟ್‌ಗಾರ್ಡ್, ಡೊನಾಲ್ಡ್‌ಸನ್, ಮಾನ್, ಕಂಪನಿ ಯಾವುದಾದರೂ ಆಗಲಿ, ಪಾರ್ಟ್ ನಂಬರ್ ಹೊಂದಬೇಕು, ಬಿಲ್ ಇರಬೇಕು.

ಮುರಿದ ಪೈಪ್ ಹೊಸದು ಹಾಕುವಾಗ ಮೇಲ್ತುದಿಗೆ ಪ್ರೀ-ಕ್ಲೀನರ್ ಕೂರಿಸಿ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಬೇರೆ ಮಾಡುತ್ತದೆ. ನಮ್ಮಲ್ಲಿ ಹಾಕಿದ ಮೇಲೆ ಇಂಡಿಕೇಟರ್ ಕೆಂಪಾಗೋದು ಎಷ್ಟೋ ತಡವಾಯಿತು. ಪೈಪಿನ ಬಾಯಿ ಕ್ಯಾಬಿನ್‌ಗಿಂತ ಮೇಲಿರಲಿ, ಚಕ್ರ ಎಬ್ಬಿಸುವ ಧೂಳು ಕೆಳಗೇ ದಟ್ಟ.

ಸಂಡೂರು_ಟಿಪ್ಪರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಸ್ ಅಗಲಿಸಿ ನೋಡಿದೆ, ಎರಡನೇ ಮಡಿಕೆಯಲ್ಲಿ ಅರ್ಧ ಬೆರಳುದ್ದ ಬಿರುಕು! ಸೇಫ್ಟಿ ಫಿಲ್ಟರ್ ಇರಲೇ ಇಲ್ಲ, ಹಿಂದಿನ ಓನರ್ ಯಾವಾಗ ತೆಗೆದರೋ. ಟರ್ಬೊ ಶಾಫ್ಟ್ ಅಲ್ಲಾಡುತ್ತದೆ, ಗೋಡೆಗೆ ತಾಗುತ್ತಿಲ್ಲ. ಬುಸುಬುಸು ಜೋರಿಲ್ಲ, ಅದೊಂದು ಸಮಾಧಾನ. ಕಂಪನಿ ಡಬ್ಬಿ, ಎರಡು ಫಿಲ್ಟರ್, ಹೋಸ್, ಕ್ಲಿಪ್, ಪ್ರೀ-ಕ್ಲೀನರ್ ಎಲ್ಲಕ್ಕೂ ಹೊಸಪೇಟೆಯಲ್ಲಿ ಆರ್ಡರ್ ಕೊಟ್ಟು ಬಂದೆ. ಮಾವ ಜತೆಗೇ ಬಂದಿದ್ದರು, ಬಟ್ಟೆ ನೋಡಿದ ಮೇಲೆ ಆಯಿಲ್ ಬಾತ್ ಮಾತೆತ್ತಲಿಲ್ಲ. ಹಾಕಿಸಿ ಹದಿನೈದು ದಿನ ಓಡಿಸಿ, ಮತ್ತೆ ಬಿಳಿ ಬಟ್ಟೆ ಒರೆಸಿ ಫೋಟೋ ಹಾಕುತ್ತೇನೆ.