‘ಕಾಂಪೋಸಿಟ್’ಗೆ ‘ಸಂಯುಕ್ತ’ ಸರಿಯಾ? ‘ಬಾಂಡ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಟ್ಟಿಗೆ ಗೋಡೆಗಳ ಮೇಲೆ ನಡೆದಿರುವ ಸಂಶೋಧನೆ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ಡಿಪ್ಲೊಮಾ ಹುಡುಗರು, ಮೇಸ್ತ್ರಿಗಳು, ಮನೆ ಕಟ್ಟಿಸುತ್ತಿರುವವರು. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ಕಾಂಪೋಸಿಟ್, ಅಂದರೆ ಬೇರೆ ಬೇರೆ ವಸ್ತುಗಳು ತಮ್ಮ ಗುಣ ಉಳಿಸಿಕೊಂಡೇ ಸೇರಿ ಒಂದಾಗಿ ಕೆಲಸ ಮಾಡುವಂಥದ್ದು. ಇಟ್ಟಿಗೆ, ಗಾರೆ ಸೇರಿದ ಗೋಡೆಯೂ ಅಂಥದ್ದೇ. ‘ಸಂಯುಕ್ತ ವಸ್ತು’, ‘ಮಿಶ್ರ ವಸ್ತು’ ಎರಡನ್ನೂ ಬಳಸುವವರಿದ್ದಾರೆ. ನನಗೆ ಎರಡೂ ಸಮಾಧಾನವಿಲ್ಲ. ಹೈಸ್ಕೂಲು ವಿಜ್ಞಾನದಲ್ಲಿ ಸಂಯುಕ್ತ ಅಂದರೆ ನೀರು, ಅಡುಗೆ ಉಪ್ಪು ಇಂಥವು. ಅಲ್ಲಿ ಸೇರಿದ ಧಾತುಗಳು ತಮ್ಮ ಗುಣ ಕಳೆದುಕೊಂಡಿರುತ್ತವೆ. ಕಾಂಪೋಸಿಟ್‌ನಲ್ಲಿ ಆಗೋದು ಇದರ ಉಲ್ಟಾ. ಫೈಬರ್‌ಗ್ಲಾಸ್ ಹಾಳೆ ಮುರಿದಾಗ ಅಂಚನ್ನು ನೋಡಿ, ಬೆಳ್ಳನೆ ಗಾಜಿನ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ, ಕೈಗೆ ಚುಚ್ಚುತ್ತವೆ ಕೂಡ. ಗಾಜು ಗಾಜಾಗೇ ಇದೆ, ಅದನ್ನು ಹಿಡಿದಿಟ್ಟ ರಾಳ ರಾಳವಾಗೇ ಇದೆ.

‘ಮಿಶ್ರ’ ಅಂದರೆ ಸುಮ್ನೆ ಹಾಕಿ ಕಲಸಿದಂತೆ ಕೇಳುತ್ತದೆ. ಆದರೆ ಇಲ್ಲಿ ಯಾವುದು ಎಲ್ಲಿ ಕೂತಿದೆ ಅನ್ನೋದೇ ಮುಖ್ಯ. ಕಾಂಕ್ರೀಟು ಅದುಮಿದರೆ ತಡೆಯುತ್ತದೆ, ಎಳೆದರೆ ಅದರ ಹತ್ತನೇ ಒಂದು ಭಾಗದಷ್ಟೂ ತಡೆಯೋದು ಕಷ್ಟ, ಅದಕ್ಕೇ ಎಳೆತ ಬೀಳುವ ಕಡೆ ಕಂಬಿ ಇಡೋದು. ಎರಡು ಗೋಡೆ ಮೇಲೆ ಕೂತ ತೊಲೆಗಾದರೆ ಮುಖ್ಯ ಕಂಬಿ ಕೆಳಗೆ, ಕಿಟಕಿ ಮೇಲಿನ ಸಜ್ಜಾಗಾದರೆ ಮೇಲೆ. ಸಜ್ಜಾದಲ್ಲಿ ಕಂಬಿ ಕೆಳಗೆ ಹೋಯಿತೋ, ಸೆಂಟ್ರಿಂಗ್ ಬಿಚ್ಚಿದ ದಿನವೇ ಅದು ಜೋತುಬೀಳಬಹುದು. ಸಾಮಾನು ಅದೇ, ಅಳತೆ ಅದೇ. ಇದಕ್ಕೆ ಮಿಶ್ರಣ ಅನ್ನೋಕಾಗುತ್ತಾ?

‘ಸಂಯುಕ್ತ’ದ ಪರವಾಗಿ ಒಂದು ಮಾತಿದೆ, ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ. ವ್ಯಾಕರಣದ ಸಂಯುಕ್ತಾಕ್ಷರದಲ್ಲಿ ಸೇರಿದ ಎರಡೂ ವ್ಯಂಜನ ಉಳಿದಿರುತ್ತವೆ. ‘ಭಕ್ತಿ’ಯಲ್ಲಿ ಕಕಾರವೂ ಇದೆ, ತಕಾರವೂ ಇದೆ. ಒಪ್ಪುತ್ತೇನೆ. ಆದರೆ ನನ್ನ ಓದುಗರ ತಲೆಗೆ ಮೊದಲು ಬರೋದು ರಸಾಯನಶಾಸ್ತ್ರದ ಪಾಠವೇ, ಅಲ್ವಾ? ಹಾಗಾಗಿ ‘ಕೂಡುಕುಟುಂಬ’, ‘ಕೂಡುರಸ್ತೆ’ಯ ಜಾಡಿನಲ್ಲಿ ‘ಕೂಡುವಸ್ತು’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ ಹೇಳಿ.

ಎರಡನೆಯದು ಬಾಂಡ್, ಅಂದರೆ ಇಟ್ಟಿಗೆಯೂ ಗಾರೆಯೂ ಒಂದಕ್ಕೊಂದು ಅಂಟಿಕೊಂಡಿರುವುದು. ಲೇಖನದ ಜೀವ ಇರೋದೇ ಇದರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ಗುಂಪಿನಲ್ಲಿದ್ದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜೊತೆಗಾರರು ನಮ್ಮ ಕಡೆಯ ಇಟ್ಟಿಗೆ ಗೋಡೆಗಳ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಗೋಡೆ ಮೇಲೆ ಭಾರ ಬಿದ್ದಾಗ ಇಟ್ಟಿಗೆಯೂ ಗಾರೆಯೂ ಪಕ್ಕಕ್ಕೆ ಉಬ್ಬಲು ನೋಡುತ್ತವೆ. ಮೆತ್ತಗಿರೋದು ಜಾಸ್ತಿ ಉಬ್ಬುತ್ತದೆ. ಆದರೆ ಎರಡೂ ಅಂಟಿಕೊಂಡಿರುವುದರಿಂದ ಒಂದನ್ನೊಂದು ಬಿಡುವುದಿಲ್ಲ. ಹೊರದೇಶದ ಪುಸ್ತಕಗಳಲ್ಲಿ ಇಟ್ಟಿಗೆ ಗಟ್ಟಿ, ಗಾರೆ ಮೆತ್ತಗೆ. ಅಲ್ಲಿ ಗಾರೆ ಇಟ್ಟಿಗೆಯನ್ನು ಪಕ್ಕಕ್ಕೆ ಎಳೆದು ಸೀಳುತ್ತದೆ. ಬೆಂಗಳೂರು ಸುತ್ತಿನ ಭಟ್ಟಿ ಇಟ್ಟಿಗೆ ಎಷ್ಟೋ ಸಲ ಸಿಮೆಂಟ್ ಗಾರೆಗಿಂತ ಮೆತ್ತಗಿರುತ್ತದೆ, ಆದ್ದರಿಂದ ಲೆಕ್ಕವೇ ತಿರುಗಿಬೀಳುತ್ತದೆ, ಎಳೆತ ಗಾರೆಗೆ ಬೀಳುತ್ತದೆ. ಇಂಥ ಗೋಡೆಯಲ್ಲಿ ಇಟ್ಟಿಗೆ–ಗಾರೆಯ ಬಾಂಡ್ ಬಲವಾದಷ್ಟೂ ಗೋಡೆ ಹೆಚ್ಚು ಭಾರ ತಡೆಯುತ್ತದೆ ಎಂದು 2005ರ ಅವರ ಪ್ರಬಂಧವೊಂದು ತೋರಿಸಿತು.

ಈ ಬಾಂಡನ್ನು ‘ಬಂಧ’ ಅಂದರೆ ಮತ್ತೆ ರಸಾಯನಶಾಸ್ತ್ರ. ಇಂಗ್ಲಿಷ್ ಬಾಂಡ್, ಫ್ಲೆಮಿಶ್ ಬಾಂಡ್ ಅಂತ ಸಂದು ತಪ್ಪಿಸಿ ಇಟ್ಟಿಗೆ ಜೋಡಿಸುವ ಕ್ರಮಕ್ಕೂ ಇದೇ ಹೆಸರಿದೆ, ಅದು ಬೇರೆ ತಲೆನೋವು. ಆದರೆ ಗಾರೆ ಕೆಲಸದವರ ಮಾತು ಕೇಳಿ. ಇಟ್ಟಿಗೆ ನೆನೆಸದೆ ಕಟ್ಟಿದರೆ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಂಡುಬಿಡುತ್ತದೆ. ಆಗ ಅವರು ಹೇಳೋದು, ‘ಹಿಡಿಯಲ್ಲ ಸಾರ್’ ಅಂತ. ಆ ‘ಹಿಡಿ’ಯಿಂದ ‘ಹಿಡಿತ’ ತೆಗೆದುಕೊಂಡರೆ ಸಾಕಲ್ಲವೇ? ‘ಇಟ್ಟಿಗೆ–ಗಾರೆ ಹಿಡಿತ’. ನನಗಂತೂ ‘ಬಂಧಸಾಮರ್ಥ್ಯ’ಕ್ಕಿಂತ ಇದೇ ವಾಸಿ. ಒಂದೇ ಅಡ್ಡಿ, ‘ಹಿಡಿತದಲ್ಲಿಟ್ಟುಕೋ’ ಅನ್ನುವಾಗಿನ ಹತೋಟಿಯ ಅರ್ಥವೂ ಅದಕ್ಕಿದೆ. ಆದರೆ ಗೋಡೆ ವಿಷಯ ಓದುತ್ತಿರುವವರಿಗೆ ಅದು ಗೊಂದಲ ಮಾಡಲಾರದು ಅಂದುಕೊಂಡಿದ್ದೇನೆ.

ಕಾಂಪೋಸಿಟ್‌ನಲ್ಲಿ ಎಳೆಗಳನ್ನು ಹಿಡಿದಿಟ್ಟ ವಸ್ತುವಿಗೆ ಇಂಗ್ಲಿಷಿನಲ್ಲಿ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಅದಕ್ಕೆ ಗಣಿತದ ‘ಮಾತೃಕೆ’ಯನ್ನು ಇಲ್ಲಿಗೆ ತರಬೇಡಿ ಎಂದಷ್ಟೇ ಕೋರಿಕೆ. ಎಳೆಗಳನ್ನು ಹಿಡಿದಿಟ್ಟ ರಾಳಕ್ಕೂ ಅಂಕಿಗಳ ಚೌಕಕ್ಕೂ ಯಾವ ನಂಟೂ ಇಲ್ಲ.

ಇನ್ನು ಗಾರೆಯ ವಿಷಯ. ನಮ್ಮ ಕಡೆ ಕೆಲಸದ ಜಾಗದಲ್ಲಿ ಸಿಮೆಂಟು, ಮರಳು ಕಲಸಿದ್ದಕ್ಕೆ ‘ಮಾಲು’ ಅನ್ನುತ್ತಾರೆ. ‘ಗಾರೆ’ ಅಂದರೆ ಕೆಲವರಿಗೆ ಗೋಡೆಗೆ ಬಳಿಯುವ ಪ್ಲಾಸ್ಟರು, ಹಳಬರಿಗೆ ಸುಣ್ಣದ್ದು ಮಾತ್ರ. ಬೆಳಗಾವಿ, ಕಲಬುರಗಿ ಕಡೆಯವರು ಯಾರಾದರೂ ಇದ್ದರೆ ಹೇಳಿ: ಇಟ್ಟಿಗೆ ನಡುವೆ ಹಾಕುವುದಕ್ಕೂ ಗೋಡೆಗೆ ಬಳಿಯುವುದಕ್ಕೂ ನಿಮ್ಮ ಗೌಂಡಿಗಳು ಬೇರೆ ಬೇರೆ ಪದ ಬಳಸುತ್ತಾರಾ? ಅದು ಅಂಟದೆ ಉದುರಿದಾಗ ಏನಂತಾರೆ?