ಹಳೆಯ ಯೆಜ್ಡಿಯ ಸ್ವಿಂಗ್ ಆರ್ಮ್: ಗ್ರೀಸ್ ಹೊಡೆದರೆ ಸಾಕೇ, ಬುಷ್ ಬದಲಿಸಬೇಕೇ?

ಪ್ರಶ್ನೆ (ದಾವಣಗೆರೆಯಿಂದ)

ಸ್ನೇಹಿತರಿಗೆ ನಮಸ್ಕಾರ. ನಮ್ಮ ತಂದೆಯವರು ಓಡಿಸುತ್ತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಈಗ ನನ್ನ ಕೈಯಲ್ಲಿದೆ. ವಾರಕ್ಕೆ ಎರಡು ಬಾರಿಯಾದರೂ ಭದ್ರಾ ನಾಲೆಯ ಏರಿ ಹಿಡಿದು ಗದ್ದೆಗೆ ಹೋಗಿಬರುತ್ತೇನೆ. ಮಳೆಗಾಲದಲ್ಲಿ ಹಿಂದಿನ ಚಕ್ರದ ಸುತ್ತ ಮೆತ್ತಿಕೊಳ್ಳುವ ಎರೆಮಣ್ಣನ್ನು ತೆಗೆಯಲು ಮನೆಯಲ್ಲಿ ಪೈಪ್ ಹಿಡಿದು ಜೋರಾಗಿ ನೀರು ಬಿಡುವುದು ಮೊದಲಿನಿಂದಲೂ ರೂಢಿ.

ಈಗ ಎರಡು ತಿಂಗಳಿಂದ ತಿರುವಿನಲ್ಲಿ ಗಾಡಿಯ ಹಿಂಭಾಗ ಒಂದು ಕ್ಷಣ ತಡವಾಗಿ ವಾಲಿದಂತೆ ಅನ್ನಿಸುತ್ತಿದೆ. ಪಿ.ಬಿ. ರಸ್ತೆಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಅದು ಇನ್ನೂ ಹೆಚ್ಚು ಗೊತ್ತಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಕವಲಿನ) ಹಿಂದಿನ ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿದರೆ, ಅದು ಫ್ರೇಮಿಗೆ ಸೇರುವ ಪಿನ್ನಿನ ಬಳಿ 'ಟಕ್' ಎಂಬ ಸದ್ದು ಬರುತ್ತದೆ. ಗ್ರೀಸ್ ಗನ್ ಹಾಕಿ ಒತ್ತಿದೆ. ಗ್ರೀಸ್ ನಿಪ್ಪಲ್ಲಿನ (ಗ್ರೀಸ್ ತುಂಬುವ ಚಿಕ್ಕ ಮೂತಿಯ) ಪಕ್ಕದಿಂದಲೇ ಹಿಂದಕ್ಕೆ ಬಂತೇ ಹೊರತು ಪಿನ್ನಿನ ಎರಡು ಕೊನೆಗಳಲ್ಲಿ ಒಂದು ಹನಿಯೂ ಕಾಣಲಿಲ್ಲ. ಮೆಕ್ಯಾನಿಕ್ ಒಬ್ಬರು "ಬುಷ್ (ಪಿನ್ನಿನ ಸುತ್ತ ಕೂರುವ ಲೋಹದ ಕೊಳವೆ) ಕಿತ್ತು ನೀಡಲ್ ಬೇರಿಂಗ್ ಹಾಕಿಸಿಬಿಡಿ, ಜೀವಮಾನದ ಚಿಂತೆ ಹೋಗುತ್ತದೆ" ಎಂದರು. ಹಾಗೆ ಮಾಡುವುದು ಸರಿಯೇ? ಅಥವಾ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿದರೆ ಸಾಕಾಗುವುದೇ?

ಉತ್ತರ 1 (ಹರಿಹರದಿಂದ, ಲೇತ್ ಕೆಲಸದವರು)

ನಮಸ್ಕಾರ. ಸದ್ದು ಬರುವಷ್ಟು ಪ್ಲೇ (ಸಡಿಲ) ಇದ್ದರೆ ಗ್ರೀಸಿನಿಂದ ಅದು ಹೋಗುವುದಿಲ್ಲ. ಗ್ರೀಸ್ ಸವೆತವನ್ನು ತಡೆಯುತ್ತದೆ, ಸವೆದುಹೋದ ಲೋಹವನ್ನು ತುಂಬಿಕೊಡುವುದಿಲ್ಲ. ಆದರೆ ತೀರ್ಮಾನಕ್ಕೆ ಬರುವ ಮೊದಲು ಚಕ್ರವನ್ನು ಬಿಚ್ಚಿಟ್ಟು ಇನ್ನೊಮ್ಮೆ ಅಲುಗಾಡಿಸಿ ನೋಡಿ. ಚಕ್ರದ ಬೇರಿಂಗ್ ಹೋಗಿದ್ದರೂ ಸವಾರನಿಗೆ ಇದೇ ಅನುಭವವಾಗುತ್ತದೆ, ಎಷ್ಟೋ ಜನ ಅಲ್ಲೇ ಮೋಸಹೋಗುತ್ತಾರೆ. ಶಾಕ್ ಅಬ್ಸಾರ್ಬರುಗಳ ಕೆಳಗಿನ ಬೋಲ್ಟುಗಳನ್ನೂ ಬಿಡಿಸಿಕೊಂಡರೆ ಆರ್ಮ್ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುತ್ತದೆ, ಆಗ ದೋಷ ಎಲ್ಲಿದೆ ಎಂಬುದು ಕೈಗೇ ಸಿಗುತ್ತದೆ.

ನೀಡಲ್ ಬೇರಿಂಗಿನ, ಅಂದರೆ ಸೂಜಿಯಂಥ ತೆಳು ಉರುಳೆಗಳಿರುವ ಬೇರಿಂಗಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸ್ವಿಂಗ್ ಆರ್ಮ್ ಪೂರ್ತಿ ಸುತ್ತು ತಿರುಗುವ ಭಾಗವಲ್ಲ. ಹಳ್ಳ ದಿಣ್ಣೆಗಳಲ್ಲಿ ಕೆಲವೇ ಡಿಗ್ರಿಗಳಷ್ಟು ಹಿಂದೆ ಮುಂದೆ ತೂಗುತ್ತದೆ. ಹೀಗಾಗಿ ನೀಡಲುಗಳು ಸದಾ ಒಂದೇ ಜಾಗದಲ್ಲಿ ಕುಳಿತು ಪೆಟ್ಟು ತಿನ್ನುತ್ತವೆ ಮತ್ತು ಪಿನ್ನಿನ ಮೇಲೆ ಸಾಲು ಸಾಲಾಗಿ ಗೆರೆ ಬೀಳುತ್ತದೆ. ಅವು ಓಡುವ ಮೇಲ್ಮೈ ಬೇರಿಂಗ್ ಉಕ್ಕಿನಷ್ಟೇ ಗಟ್ಟಿ ಮಾಡಿ ಗ್ರೈಂಡ್ ಮಾಡಿದ್ದಾಗಿರಬೇಕು. ಸಾಮಾನ್ಯ ಪಿನ್ನಿನ ಮೇಲೆ ಕೂರಿಸಿದರೆ ಅವು ಪಿನ್ನನ್ನೇ ತಿಂದುಹಾಕುತ್ತವೆ. ಪಕ್ಕದ ಒತ್ತಡವನ್ನೂ ಅವು ಹೊರುವುದಿಲ್ಲ, ಅದಕ್ಕೆ ಪ್ರತ್ಯೇಕ ವಾಷರ್ ಬೇಕು, ಕೆಸರು ಒಳನುಗ್ಗದಂತೆ ಒಳ್ಳೆಯ ಸೀಲ್ ಬೇಕು. ನೀರು, ಎರೆಮಣ್ಣಿನಲ್ಲಿ ಓಡುವ ಗಾಡಿಗೆ ಫಾಸ್ಫರ್ ಬ್ರಾಂಜ್ ಬುಷ್ಷೇ ಮೇಲು ಎಂದು ನಾನು ನಂಬಿದ್ದೇನೆ.

ಬುಷ್ ಮಾಡಿಸುವ ಮೊದಲು ಪಿನ್ನನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಬುಷ್ ಕೂರುವ ಜಾಗದಲ್ಲಿ ಒಂದು ಅಳತೆ, ಬುಷ್ ಮುಟ್ಟದ ನಡುಭಾಗದಲ್ಲಿ ಒಂದು ಅಳತೆ. ಎರಡರ ವ್ಯತ್ಯಾಸವೇ ಸವೆತ. ಅಡ್ಡ ಉದ್ದ ಎರಡೂ ಕಡೆ ಅಳೆಯುವುದನ್ನು ಮರೆಯಬೇಡಿ, ಏಕೆಂದರೆ ಚೈನ್ ಸದಾ ಆರ್ಮನ್ನು ಮುಂದಕ್ಕೆ ಎಳೆಯುವುದರಿಂದ ಪಿನ್ ಒಂದೇ ಬದಿಗೆ ಸವೆದು ಮೊಟ್ಟೆಯಾಕಾರವಾಗಿರುತ್ತದೆ. ಸವೆದ ಪಿನ್ನಿಗೆ ಹೊಸ ಬುಷ್ ಹಾಕಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ನಮ್ಮ ಅಂಗಡಿಯಲ್ಲಿ ಇಂದಿಗೂ ಇದೇ ಊರಿನ ಮೈಸೂರು ಕಿರ್ಲೋಸ್ಕರ್ ಲೇತಿನಲ್ಲೇ ಇಂಥ ಬುಷ್ ತಿರುಗಿಸುತ್ತೇನೆ. ಬುಷ್ಷಿನ ಒಳಗೆ ಗ್ರೀಸ್ ಹರಿಯಲು ಕೊರೆದ ತೋಡು ಬುಷ್ಷಿನ ಕೊನೆಯವರೆಗೂ ಹೋಗಬಾರದು, ಹೋದರೆ ಗ್ರೀಸ್ ನಿಲ್ಲದೆ ಹೊರಗೆ ಹರಿದುಹೋಗುತ್ತದೆ. ಬುಷ್ಷನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸದೆ, ಉದ್ದ ಬೋಲ್ಟ್ ಮತ್ತು ದಪ್ಪ ವಾಷರುಗಳನ್ನು ಬಳಸಿ ನಿಧಾನವಾಗಿ ಎಳೆದು ಕೂರಿಸಬೇಕು. ಕೂತ ಮೇಲೆ ಒಳಗಿನ ಅಳತೆ ಸ್ವಲ್ಪ ಕಿರಿದಾಗುವುದು ಸಹಜ. ಆದ್ದರಿಂದಲೇ ಕೊನೆಯ ಅಳತೆಯನ್ನು ಲೇತಿನಲ್ಲಿ ತೆಗೆಯದೆ, ಎರಡೂ ಬುಷ್‌ಗಳ ಮೂಲಕ ಹಾದುಹೋಗುವ ಉದ್ದ ರೀಮರಿನಿಂದ (ರಂಧ್ರವನ್ನು ನಿಖರ ಅಳತೆಗೆ ತರುವ ಸಾಧನ) ಒಂದೇ ನೇರದಲ್ಲಿ ತೆಗೆಯಬೇಕು. ನಾನು 0.03ರಿಂದ 0.05 ಮಿ.ಮೀ. ಸಡಿಲ ಬಿಡುತ್ತೇನೆ.

ಉತ್ತರ 2 (ಚಿತ್ರದುರ್ಗದಿಂದ)

ಹರಿಹರದ ಹಿರಿಯರ ಮಾತಿಗೆ ಒಂದೇ ಒಂದು ತಿದ್ದುಪಡಿ. ನಮ್ಮ ಕಡೆ ಕೆಸರಿಗಿಂತ ಧೂಳೇ ಹೆಚ್ಚು. ಚಳ್ಳಕೆರೆ, ಹಿರಿಯೂರಿನ ಕಡೆ ಓಡಿಸುವ ನಾನು ಸ್ನೇಹಿತರ ಗಾಡಿಯೊಂದರಲ್ಲಿ ಗಟ್ಟಿ ಮಾಡಿದ ಒಳತೋಳು (ಪಿನ್ನಿನ ಮೇಲೆ ಕೂರುವ ಉಕ್ಕಿನ ಕೊಳವೆ), ಎರಡೂ ಕಡೆ ಸೀಲ್ ಸಹಿತ ಹಾಕಿದ ನೀಡಲ್ ಬೇರಿಂಗ್ ಚೆನ್ನಾಗಿ ಬಾಳುತ್ತಿರುವುದನ್ನು ನೋಡಿದ್ದೇನೆ. ಆದರೆ ಅದು ಪೂರ್ಣ ಕೆಲಸ. ಒಳತೋಳಿಲ್ಲದೆ ಬೇರಿಂಗ್ ಮಾತ್ರ ತುರುಕುವುದಾದರೆ ಬೇಡವೇ ಬೇಡ.

ಗ್ರೀಸಿನ ಬಗ್ಗೆ ಹೇಳುವುದಾದರೆ, ಬುಷ್‌ಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಲಿಥಿಯಂ ಗ್ರೀಸ್ ಬಹಳ ಒಳ್ಳೆಯದು. ಗ್ರೀಸ್ ಪದರ ತೆಳುವಾದ ಕಡೆಯೂ ಆ ಕಪ್ಪು ಪುಡಿ ಲೋಹಕ್ಕೂ ಲೋಹಕ್ಕೂ ನಡುವೆ ಉಳಿಯುತ್ತದೆ. ಹಳೆಯ ಗ್ರೀಸ್ ಯಾವುದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದೇ ಹೊಸದನ್ನು ತುಂಬಿ, ಏಕೆಂದರೆ ಒಂದಕ್ಕೊಂದು ಹೊಂದದ ಗ್ರೀಸುಗಳು ಬೆರೆತರೆ ನೀರಾಗಿ ಹರಿಯುವುದುಂಟು, ಇಲ್ಲವೇ ಗಟ್ಟಿಕಟ್ಟುವುದುಂಟು.

ಪಿನ್ ಹೊರಗೆ ಬರದಿದ್ದರೆ ನೇರವಾಗಿ ಸುತ್ತಿಗೆ ಎತ್ತಬೇಡಿ. ಹಿಂದಿನ ರಾತ್ರಿಯೇ ಎರಡೂ ಕಡೆ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ಬೆಳಿಗ್ಗೆ ಹಿತ್ತಾಳೆಯ ಸರಳನ್ನು ಇಟ್ಟು ತಟ್ಟಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಚಕ್ರದ ಬೇರಿಂಗ್ ಗಟ್ಟಿಯಾಗಿಯೇ ಇದೆ. ಪಿನ್ ಎರಡು ರಾತ್ರಿ ನೆನೆದ ಮೇಲೆ ಬಂತು. ನಿಪ್ಪಲ್ಲಿನಿಂದ ಒಳಗೆ ಹೋಗುವ ರಂಧ್ರದಲ್ಲಿ ಹಳೆಯ ಗ್ರೀಸ್ ಮಣ್ಣಿನೊಂದಿಗೆ ಸೇರಿ ಬೆಲ್ಲದಚ್ಚಿನಂತೆ ಗಟ್ಟಿಯಾಗಿತ್ತು. ಎಷ್ಟೋ ವರ್ಷಗಳಿಂದ ನಾನು ಹೊಡೆದ ಗ್ರೀಸ್ ಬುಷ್ಷನ್ನು ತಲುಪಿಯೇ ಇರಲಿಲ್ಲ ಎಂದು ತಿಳಿದು ಬಹಳ ಬೇಸರವಾಯಿತು. ಪಿನ್ ಚೈನ್ ಇರುವ ಬದಿಯಲ್ಲಿ 0.12 ಮಿ.ಮೀ. ಸವೆದಿದೆ, ಇನ್ನೊಂದು ಬದಿಯಲ್ಲಿ 0.04. ಪಿನ್ನನ್ನು ಉಳಿಸಿಕೊಳ್ಳಬಹುದೇ? ಮುಂದೆ ಎಷ್ಟು ದಿನಕ್ಕೊಮ್ಮೆ ಗ್ರೀಸ್ ಮಾಡಲಿ?

ಉತ್ತರ 3 (ಹರಿಹರದಿಂದ)

0.12 ಸವೆದ ಪಿನ್ನನ್ನು ಉಳಿಸಬೇಡಿ. ಅದನ್ನೇ ಮಾದರಿಯಾಗಿ ಕೊಟ್ಟು ಹೊಸದನ್ನು ಮಾಡಿಸಿ, ಮೇಲ್ಮೈಯನ್ನು ಗಟ್ಟಿ ಮಾಡಿಸಿ, ಗ್ರೈಂಡಿಂಗ್ ಆದ ಮೇಲೆ ಮಾತ್ರ ಬುಷ್ಷಿನ ಅಳತೆಗೆ ಕೈ ಹಾಕಿ. ನಿಪ್ಪಲ್ಲನ್ನೂ ಬದಲಿಸಿ. ಹೊಸ ಬುಷ್ಷಿನ ರಂಧ್ರ ಆರ್ಮಿನ ರಂಧ್ರಕ್ಕೆ ಸರಿಯಾಗಿ ಎದುರಾಗಿದೆಯೇ ಎಂದು ತಂತಿ ತೂರಿಸಿ ಪರೀಕ್ಷಿಸಿ.

ಗದ್ದೆಗೆ ಹೋಗುವ ಗಾಡಿಗೆ ಕಿಲೋಮೀಟರ್ ಲೆಕ್ಕಕ್ಕಿಂತ ನೀರಿನ ಲೆಕ್ಕ ಮುಖ್ಯ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಮೂರು ತಿಂಗಳಿಗೊಮ್ಮೆ, ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲಿದ್ದು ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಗನ್ ಒತ್ತಿ. ಎರಡೂ ಕೊನೆಗಳಲ್ಲಿ ಕೊಳೆ ಗ್ರೀಸ್ ಬಂದು, ಅದರ ಹಿಂದೆ ಶುದ್ಧ ಗ್ರೀಸ್ ಕಾಣುವವರೆಗೆ ನಿಲ್ಲಿಸಬೇಡಿ. ಹೊರಬಂದ ಗ್ರೀಸನ್ನು ಒರೆಸುವಾಗ ಪಿನ್ನಿನ ಅಂಚಿನಲ್ಲಿ ತೆಳುವಾಗಿ ಉಳಿಸಿ, ಅದೇ ನಿಮ್ಮ ಸೀಲ್. ಪೈಪಿನ ನೀರನ್ನು ಮಾತ್ರ ಆ ಜಾಗಕ್ಕೆ ನೇರವಾಗಿ ಬಿಡಬೇಡಿ, ಬಕೆಟ್ ನೀರು ಮತ್ತು ಬ್ರಷ್ ಸಾಕು.