ಟ್ರಾಮ್ ಲೈನಿಂದ ಕಾರ್ ಚಾರ್ಜಿಂಗ್: ಹಗಲಲ್ಲಿ ಮಾತ್ರ ಮಧ್ಯದಲ್ಲೇ ಕಟ್ ಆಗ್ತಿದೆ, ಸಹಾಯ ಬೇಕು

ರೂರ್_ಕನ್ನಡಿಗ:
ನಮಸ್ಕಾರ ಎಲ್ರಿಗೂ. ಜರ್ಮನಿಲಿ ರೂರ್ ಕಡೆ ಇದೀನಿ, ಇಲ್ಲಿ ಟ್ರಾಮ್ ಡಿಪೋ ಪಕ್ಕದ ಪಾರ್ಕಿಂಗಲ್ಲಿ ನಮ್ ಟೀಮ್ ಒಂದು 50 ಕಿಲೋವ್ಯಾಟ್ ಡಿಸಿ ಚಾರ್ಜರ್ ಟೆಸ್ಟ್ ಮಾಡ್ತಿದೆ, ಅದಕ್ಕೆ ಕರೆಂಟು ಗ್ರಿಡ್ಡಿಂದ ಅಲ್ಲ, ನೇರ ಟ್ರಾಮಿನ 750 ವೋಲ್ಟ್ ಫೀಡರಿಂದ (ಟ್ರಾಮ್ ಲೈನಿಗೆ ಕರೆಂಟ್ ತರೋ ಕೇಬಲ್) ಬರತ್ತೆ. ಓಬರ್‌ಹೌಸನ್‌ನಲ್ಲಿ ಎಲಿಪ್ಟಿಕ್ ಅನ್ನೋ ಯುರೋಪಿಯನ್ ಪ್ರಾಜೆಕ್ಟ್ ಟೈಮಲ್ಲಿ (2015-18) ಟ್ರಾಮ್ ಕರೆಂಟಿಂದ ಬಸ್ ಚಾರ್ಜ್ ಮಾಡಿದ್ರಲ್ಲ, ಅದೇ ತರ. ರಾತ್ರಿ ಕಾರು ಹಾಕಿದ್ರೆ ಆರಾಮಾಗಿ ತುಂಬತ್ತೆ. ಹಗಲು ಟ್ರಾಮ್ ಓಡಾಡೋವಾಗ ಪದೇ ಪದೇ ನಿಲ್ಲತ್ತೆ, ಲಾಗಲ್ಲಿ ಒಮ್ಮೆ ಇನ್‌ಪುಟ್ ಓವರ್‌ವೋಲ್ಟೇಜ್ ಅಂತ, ಇನ್ನೊಮ್ಮೆ ಅಂಡರ್‌ವೋಲ್ಟೇಜ್ ಅಂತ. ಬೇರೆ ಕಾರು ಹಾಕಿದ್ರೂ ಅಷ್ಟೇ. ಚಾರ್ಜರ್ ಕೊಟ್ಟವ್ರು ಲೈನ್ ಸರಿ ಇಲ್ಲ ಅಂತಾರೆ, ಲೈನ್ ನೋಡ್ಕೊಳೋರು ನಮ್ ಟ್ರಾಮ್ ಚೆನ್ನಾಗೇ ಓಡ್ತಿದೆಯಲ್ಲ ಅಂತಾರೆ. ಯಾರನ್ನ ಕೇಳ್ಲಿ?

ಟ್ರ್ಯಾಕ್ಷನ್_ಭಟ್ರು:
ಲೈನ್ ಸರಿಯಾಗೇ ಇದೆ, ಟ್ರಾಮ್ ಲೈನ್ ಅಂದ್ರೇನೇ ಹಾಗೆ. ಇಎನ್ 50163 ಅನ್ನೋ ಯುರೋಪಿಯನ್ ಸ್ಟ್ಯಾಂಡರ್ಡ್ ಪ್ರಕಾರ 750ರ ಲೈನಲ್ಲಿ 500ರಿಂದ 900 ವೋಲ್ಟ್ ತನಕ ಎಷ್ಟೊತ್ತು ಬೇಕಾದ್ರೂ ಇರಬಹುದು, 5 ನಿಮಿಷದ ಮಟ್ಟಿಗೆ 1000 ತನಕಾನೂ ಹೋಗಬಹುದು. ಟ್ರಾಮ್ ಬ್ರೇಕ್ ಹಾಕಿದಾಗ ಮೋಟರ್ರೇ ಜನರೇಟರ್ ಆಗಿ ಕರೆಂಟನ್ನ ಲೈನಿಗೆ ವಾಪಸ್ ತಳ್ಳತ್ತೆ, ಆದ್ರೆ ಸಬ್‌ಸ್ಟೇಷನ್ನಲ್ಲಿ ಸಾಮಾನ್ಯವಾಗಿ ಇರೋದು ಎಸಿಯನ್ನ ಡಿಸಿ ಮಾಡೋ ಡಯೋಡ್ ರೆಕ್ಟಿಫೈಯರ್, ಅದು ಗ್ರಿಡ್ಡಿಗೆ ಹಿಂದೆ ಬಿಡಲ್ಲ, ಆ ಹೊತ್ತಿಗೆ ಹತ್ರದಲ್ಲಿ ಇನ್ನೊಂದು ಟ್ರಾಮ್ ಎಳ್ಕೊಳ್ಳದೇ ಇದ್ರೆ ವೋಲ್ಟೇಜ್ ಏರತ್ತೆ, ಉಳಿದಿದ್ದನ್ನ ಟ್ರಾಮ್ ರೆಸಿಸ್ಟರಲ್ಲಿ ಬಿಸಿ ಮಾಡಿ ಕಳೆಯತ್ತೆ. ಎರಡು ಟ್ರಾಮ್ ಒಟ್ಟಿಗೆ ಹೊರಟ್ರೆ ಉಲ್ಟಾ, ದಡಕ್ಕಂತ ಇಳಿಯತ್ತೆ. ಚಾರ್ಜರಲ್ಲಿ ಇನ್‌ಪುಟ್ ಲಿಮಿಟ್ ಎಷ್ಟಿಟ್ಟಿದ್ದಾರೆ ಕೇಳಿ. ಚಾರ್ಜರ್ ಟ್ರಿಪ್ ಆದ (ಕಟ್ ಆದ) ಟೈಮನ್ನ ಟ್ರಾಮ್ ಬಂದ ಟೈಮ್ ಜೊತೆ ಇಟ್ಟು ನೋಡಿ, ತಾಳೆ ಆಗತ್ತೆ ಅನ್ಸತ್ತೆ.

ಕೋಲಾರ_ಪವರ್:
ಇನ್ನೊಂದು ವಿಷ್ಯ, ಜೀವದ ಪ್ರಶ್ನೆ ಆದ್ರಿಂದ ಹೇಳ್ತೀನಿ. ಕರೆಂಟ್ ವಾಪಸ್ ಹೋಗೋದು ಹಳಿಯಲ್ಲಿ, ಆ ಹಳಿಯನ್ನ ಬೇಕಂತಲೇ ನೆಲಕ್ಕೆ ಅರ್ಥ್ ಮಾಡಿರಲ್ಲ, ಮಾಡಿದ್ರೆ ಕರೆಂಟ್ ಮಣ್ಣಿಗೆ ಸೋರಿ ಸುತ್ತಲಿನ ನೀರಿನ ಪೈಪನ್ನ ತಿನ್ನತ್ತೆ. ಹಾಗಾಗಿ ಮೈನಸ್ ಅಂದ್ರೆ ಅರ್ಥ್ ಅಲ್ಲ, ಟ್ರಾಮ್ ಓಡ್ತಿದ್ದ ಹಾಗೆ ಅದ್ರ ವೋಲ್ಟೇಜೂ ಅಲುಗಾಡತ್ತೆ. ಚಾರ್ಜರ್ ಒಳಗೆ ಟ್ರಾನ್ಸ್‌ಫಾರ್ಮರ್ ಇರೋ ಐಸೊಲೇಟೆಡ್ ಕನ್ವರ್ಟರ್ (ಟ್ರಾಮ್ ಲೈನಿಗೂ ಕಾರಿಗೂ ನೇರ ವೈರ್ ಸಂಪರ್ಕ ಇಲ್ಲದ ಹಾಗೆ ಮಾಡೋದು) ಇದೆಯಾ ಅಂತ ಡ್ರಾಯಿಂಗಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ಮುಂದೆ ಎಂದಾದ್ರೂ ಇನ್ಸುಲೇಷನ್ ಫಾಲ್ಟ್ ಅಂತ ಬಂದ್ರೆ, ಕರೆಂಟ್ ಸೋರ್ತಿದೆಯಾ ಅಂತ ನೋಡೋ ಚಾರ್ಜರಿನ ಇನ್ಸುಲೇಷನ್ ಮಾನಿಟರನ್ನ ಬೈಪಾಸ್ ಮಾಡೋಕೆ ಯಾರಿಗೂ ಬಿಡಬೇಡಿ.

ರೂರ್_ಕನ್ನಡಿಗ:
ಭಟ್ರೇ ಸಿಕ್ತು! ಲಿಮಿಟ್ 650ರಿಂದ 850 ಇಟ್ಟಿದ್ರು, ಟ್ರಿಪ್ಪುಗಳೆಲ್ಲ ಟ್ರಾಮ್ ನಿಲ್ಲೋ ಹೊರಡೋ ಟೈಮಿಗೇ ಕೂತಿವೆ. ಐಸೊಲೇಷನ್ ಇದೆ, ಡ್ರಾಯಿಂಗ್ ನೋಡ್ದೆ. ಹಾರ್ಡ್‌ವೇರ್ 1000 ವೋಲ್ಟ್ ತನಕ ತಡ್ಕೊಳ್ಳತ್ತಂತೆ, ಬರೀ ಸಾಫ್ಟ್‌ವೇರ್ ಬದಲಾಯಿಸಿದ್ರೆ ಸಾಕಂತೆ. ಆದ್ರೆ ವೋಲ್ಟೇಜ್ ಇಳಿದಾಗ ಏನ್ಮಾಡ್ಲಿ, ನಾವೂ ಎಳೀತಾ ಇದ್ರೆ ಟ್ರಾಮಿಗೆ ತೊಂದ್ರೆ ಅಲ್ವಾ?

ಟ್ರ್ಯಾಕ್ಷನ್_ಭಟ್ರು:
ಹೌದು, ಟ್ರಾಮಿಗೇ ಮೊದ್ಲು. 650ರ ಕೆಳಗೆ ಇಳೀತಿದ್ದ ಹಾಗೆ ಪವರ್ ನಿಧಾನಕ್ಕೆ ಕಮ್ಮಿ ಮಾಡ್ಸಿ, ಆದ್ರೆ ಪೂರ್ತಿ ಸೊನ್ನೆಗೆ ತರಬೇಡಿ, ಕೆಲವು ಕಾರು ಸೆಷನ್ನೇ ಮುಗಿಸ್ಬಿಡತ್ತೆ. ಮೇಲೆ ಹೋದಾಗ ಉಲ್ಟಾ, ಕಾರು ತಗೊಳೋಷ್ಟು ಜಾಸ್ತಿ ಕೊಡಿ, ರೆಸಿಸ್ಟರಲ್ಲಿ ಸುಡೋ ಕರೆಂಟು ಕಾರಿಗೆ ಹೋಗ್ಲಿ, ಇಷ್ಟೆಲ್ಲಾ ಕಷ್ಟಪಡೋದೇ ಅದಕ್ಕಲ್ವಾ.

ಜಯನಗರ_ಇವಿ:
ನಮ್ಮ ಮೆಟ್ರೋನೂ 750 ವೋಲ್ಟ್ ಡಿಸಿ ತಾನೆ, ಸ್ಟೇಷನ್ ಪಾರ್ಕಿಂಗಲ್ಲಿ ಇದೇ ತರ ಮಾಡಬಹುದಾ?

ಟ್ರ್ಯಾಕ್ಷನ್_ಭಟ್ರು:
ವೋಲ್ಟೇಜ್ ಅದೇ, ಆದ್ರೆ ಅದು ಹಳಿ ಪಕ್ಕದಲ್ಲೇ ಕರೆಂಟ್ ಹರಿಯೋ ಥರ್ಡ್ ರೈಲ್, ಅಲ್ಲಿಂದ ವೈರ್ ಎಳೆಯೋ ಮಾತೇ ಬೇಡ, ಡಿಸಿ ಬೇಕಂದ್ರೆ ಸಬ್‌ಸ್ಟೇಷನ್ನಿನ ಡಿಸಿ ಪ್ಯಾನೆಲ್ಲಿಂದ ಬೇರೆ ಬ್ರೇಕರ್ ಹಾಕ್ಸಿ ತಗೋಬೇಕು. ಬರೀ ಪಾರ್ಕಿಂಗಿಗೆ ಚಾರ್ಜರ್ ಸಾಕು ಅನ್ನೋದಾದ್ರೆ ಸ್ಟೇಷನ್ನಿನ ದೀಪ, ಲಿಫ್ಟಿಗೆ ಬರೋ 415 ವೋಲ್ಟ್ ಎಸಿ ಕಡೆಯಿಂದ ತಗೊಳ್ಳಿ, ಲೋಡ್ ಮಿಕ್ಕಿದ್ರೆ ಮಾಮೂಲಿ ಚಾರ್ಜರ್ರೇ ನಡೆಯತ್ತೆ, ಬ್ರೇಕಿನ ಕರೆಂಟ್ ಮಾತ್ರ ಸಿಗಲ್ಲ. ದೆಹಲಿ ಮೆಟ್ರೋದವ್ರಿಗೆ ಈ ಥ್ರೆಡ್ ಕಳಿಸ್ಬೇಡಿ ಮತ್ತೆ, ಅಲ್ಲಿ ಮೇಲ್ಗಡೆ 25 ಕಿಲೋವೋಲ್ಟ್ ಎಸಿ, ಲೆಕ್ಕಾನೇ ಬೇರೆ.

ರೂರ್_ಕನ್ನಡಿಗ:
ಹೊಸ ಸೆಟ್ಟಿಂಗ್ ಹಾಕಿ ಆಯ್ತು, ಸಂಜೆ ರಷ್ಷಲ್ಲೂ ನಿಲ್ಲದೆ ಚಾರ್ಜ್ ಆಗ್ತಿದೆ. ತುಂಬಾ ಥ್ಯಾಂಕ್ಸ್ ಎಲ್ರಿಗೂ. ಗ್ರಾಫ್ ಬೇಕಾದೋರು ಕೇಳಿ, ಹಾಕ್ತೀನಿ.